ಸ್ಟೋರೇಜ್ ಸ್ವಿಚ್ ಜೋಡಣೆ: ಒರೆಸದೆ ಕೇಬಲ್ ಹಾಕಬೇಡಿ

ಸರ್ವರ್‌ಗೂ ಡಿಸ್ಕ್ ಪೆಟ್ಟಿಗೆಗೂ ನಡುವೆ ಕೂತು, ಗಾಜಿನ ಎಳೆಯ ಕೇಬಲ್‌ನಲ್ಲಿ ಬೆಳಕಾಗಿ ಡೇಟಾ ಸಾಗಿಸುವ ಫೈಬರ್ ಚಾನೆಲ್ ಸ್ವಿಚ್‌ನಲ್ಲಿ ಬಿಚ್ಚಿ ಹಾಕುವ ಭಾಗಗಳು ಹೆಚ್ಚೇನಿಲ್ಲ: ಪವರ್ ಸಪ್ಲೈ, ಫ್ಯಾನ್, ಎಸ್‌ಎಫ್‌ಪಿ (ಪೋರ್ಟಿನಲ್ಲಿ ಕೂತು ವಿದ್ಯುತ್ ಸಂಕೇತವನ್ನು ಬೆಳಕಾಗಿಸುವ ಚಿಕ್ಕ ತುಂಡು; ಕೇಬಲ್ ಚುಚ್ಚುವುದು ಇದಕ್ಕೇ). ಮೈಸೂರು, ಮಂಡ್ಯದ ಚಿಕ್ಕ ಸರ್ವರ್ ಕೋಣೆಗಳಲ್ಲಿ ಲಿಂಕ್ ತಡವರಿಸಿದರೆ ಸ್ವಿಚ್ಚೇ ಹೋಯಿತೆಂದು ವಾರಂಟಿಗೆ ಕಳಿಸಿಬಿಡುತ್ತಾರೆ. ಕಳಿಸುವ ಮುನ್ನ ಕೇಬಲ್ ತುದಿ ಒರೆಸಿ ನೋಡಿ.

ಮೊದಲು ಗಾಳಿಯ ದಿಕ್ಕು. ಫ್ಯಾನು, ಪವರ್ ಸಪ್ಲೈ ಎರಡೂ ಒಂದೇ ದಿಕ್ಕಿಗೆ ಗಾಳಿ ತಳ್ಳುವಂಥವಾಗಿರಬೇಕು. ಬದಲಿ ಫ್ಯಾನ್ ತರಿಸುವಾಗ ಪಾರ್ಟ್ ನಂಬರ್ ಪೂರ್ತಿ ಓದಿ. ಉಲ್ಟಾದು ಸೇರಿದರೆ ಒಂದು ಎಳೆದ ಗಾಳಿಯನ್ನು ಇನ್ನೊಂದು ವಾಪಸ್ ತಳ್ಳಿ ಒಳಗೆ ಬಿಸಿ ಕಟ್ಟುತ್ತದೆ.

ರ‍್ಯಾಕಿಗೆ ಕೂರಿಸಿ ಸ್ಕ್ರೂ ಬಿಗಿಯಿರಿ.

ಎರಡು ಪವರ್ ಸಪ್ಲೈಗೆ ಎರಡು ಬೇರೆ ಯುಪಿಎಸ್ ಲೈನ್ ಕೊಡಿ. ಎರಡನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಚುಚ್ಚಿದರೆ ಎರಡಿದ್ದೂ ಒಂದೇ. ಕೆಲಸಕ್ಕೆ ಬಿಡುವ ಮುನ್ನ ಒಂದೊಂದೇ ಕಿತ್ತು ನೋಡಿ.

ಎಸ್‌ಎಫ್‌ಪಿ ಆರಿಸುವಾಗ ಆಕಾರ ನೋಡಿ ಮೋಸಹೋಗಬೇಡಿ. 10 ಗಿಗಾಬಿಟ್ ಈಥರ್ನೆಟ್‌ನದೂ ಅದೇ ಗೂಡಿನಲ್ಲಿ ಕೂರುತ್ತದೆ, ಆದರೆ ಫೈಬರ್ ಚಾನೆಲ್ ಲಿಂಕ್ ಬರುವುದಿಲ್ಲ. 32 ಗಿಗಾಬಿಟ್‌ನ ಎಸ್‌ಎಫ್‌ಪಿ 16, 8ಕ್ಕೆ ಇಳಿಯುತ್ತದೆ, 4ಕ್ಕೆ ಇಳಿಯದು. ಹಳೆಯ ಟೇಪ್ ಡ್ರೈವ್ ಇದ್ದರೆ ಇದು ನೆನಪಿರಲಿ. ಓಎಂ3, ಓಎಂ4 ಎಂಬುವು ಗಾಜಿನ ಕೇಬಲ್‌ನ ದರ್ಜೆಗಳು. 32ರ ವೇಗದಲ್ಲಿ ಶಾರ್ಟ್‌ವೇವ್ (ಕಡಿಮೆ ದೂರದ) ಎಸ್‌ಎಫ್‌ಪಿಗೆ ಓಎಂ3 ಕೇಬಲ್ 70 ಮೀಟರ್, ಓಎಂ4 ಆದರೆ 100 ಮೀಟರ್ ತನಕ. ಹೊಸದಾಗಿ ಎಳೆಸುವವರು ಓಎಂ4 ಬಿಟ್ಟು ಬೇರೇನೂ ಕೊಳ್ಳಬೇಡಿ. ಅಗ್ಗಕ್ಕೆ ಸಿಗುವ, ಕಂಪನಿ ಹೆಸರಿಲ್ಲದ ಎಸ್‌ಎಫ್‌ಪಿಯನ್ನು ಹಲವು ಸ್ವಿಚ್‌ಗಳು ಒಪ್ಪುವುದೇ ಇಲ್ಲ.

ಇನ್ನು ಕೆಲಸ ಕೆಡುವ ಜಾಗ. ಕೇಬಲ್ ತುದಿಯ ಎಲ್‌ಸಿ ಕನೆಕ್ಟರಿನ ಬಿಳಿ ಕಡ್ಡಿ 1.25 ಮಿಲಿಮೀಟರ್ ದಪ್ಪ. ಅದರ ನಡುವೆ ಬೆಳಕು ಹಾಯುವ ದಾರಿ ಬರೀ 50 ಮೈಕ್ರಾನ್. ಒಂದು ದೂಳಿನ ಕಣ ಅಲ್ಲಿ ಕೂತರೆ ಬೆಳಕಿಗೆ ಅಡ್ಡ. ಹಾಗೇ ಒತ್ತಿ ಕೂರಿಸಿದರೆ ಅದು ಗಾಜಿನ ಮುಖವನ್ನೇ ಗೀರುತ್ತದೆ, ಆಮೇಲೆ ಎಷ್ಟು ಒರೆಸಿದರೂ ಹೋಗದು. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಕಡೆ ಆಲೆಮನೆಯ ಮಸಿ ಕಿಟಕಿ ಸಂದಿಯಿಂದಲೂ ಒಳಬರುತ್ತದೆ. ಹೊಸ ಕೇಬಲ್ ಅಂತಲೂ ನಂಬಬೇಡಿ. ಮುಚ್ಚಳದೊಳಗಿನ ಪ್ಲಾಸ್ಟಿಕ್ ಪುಡಿಯೇ ತುದಿಗೆ ಅಂಟಿರುತ್ತದೆ.

ಬಾಯಲ್ಲಿ ಊದಬೇಡಿ, ಎಂಜಲ ಹನಿ ಹಾರುತ್ತದೆ. ಅಂಗಿ ತುದಿ, ಹತ್ತಿ ಎರಡೂ ಬೇಡ, ಎಳೆ ಬಿಡುತ್ತವೆ. 1.25 ಮಿಲಿಮೀಟರಿನ ಕ್ಲಿಕ್ ಕ್ಲೀನರ್ (ಒತ್ತಿದರೆ ತುದಿ ಒರೆಸುವ, ಪೆನ್ನಿನಂಥ ಸಾಧನ) ಕೊಂಡು, ಮುಚ್ಚಳ ತೆಗೆದ ಕ್ಷಣವೇ ತುದಿಗೆ ನೇರವಾಗಿ ಹಿಡಿದು ಟಕ್ ಎನ್ನುವವರೆಗೆ ಒತ್ತಿ. ಜಿಡ್ಡಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಎಳೆಬಿಡದ ಕಾಗದದ ಮೇಲೆ ಒಂದೇ ದಿಕ್ಕಿಗೆ ಎಳೆದು, ತಕ್ಷಣ ಒಣ ಜಾಗದಲ್ಲಿ ಇನ್ನೊಂದು ಸಲ ಎಳೆಯಿರಿ. ಆಲ್ಕೊಹಾಲ್ ತಾನಾಗಿ ಆರಿದರೆ ಕಲೆ ಉಳಿಯುತ್ತದೆ. ಒರೆಸಿದ ಮೇಲೆ ಮೇಜಿನ ಮೇಲಿಡದೆ ನೇರ ಚುಚ್ಚಿ. ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬೇಡಿ, ಒಳಗಿನ ಲೇಸರ್ ಕಣ್ಣಿಗೆ ಕಾಣದು. ಖಾಲಿ ಪೋರ್ಟಿನ ರಬ್ಬರ್ ಬಿರಡೆ ತೆಗೆಯಬೇಡಿ.

ಕೇಬಲ್ ಕಟ್ಟಲು ವೆಲ್ಕ್ರೋ ಸಾಕು. ಜಿಪ್ ಟೈ ಬಿಗಿದರೆ ಗಾಜು ನಲುಗುತ್ತದೆ.

ದೀಪ ಹಸಿರಾದರೆ ಕೆಲಸ ಮುಗಿಯಿತೆಂದಲ್ಲ. ಎರರ್ ಕೌಂಟರ್ ಸೊನ್ನೆ ಮಾಡಿ, ರಾತ್ರಿ ಬ್ಯಾಕಪ್ ಓಡಲು ಬಿಟ್ಟು, ಬೆಳಿಗ್ಗೆ ಸಿಆರ್‌ಸಿ ಲೆಕ್ಕ (ದಾರಿಯಲ್ಲಿ ಕೆಟ್ಟ ಡೇಟಾದ ಎಣಿಕೆ) ನೋಡಿ. ಏರಿದ್ದರೆ ಎರಡೂ ತುದಿ ಮತ್ತೆ ಒರೆಸಿ. ಆಗಲೂ ಏರಿದರೆ ಮೊದಲು ಕೇಬಲ್ ಬದಲಿಸಿ ನೋಡಿ, ಆಮೇಲೆ ಎಸ್‌ಎಫ್‌ಪಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದೆಂದು ತಿಳಿಯದೆ ಒಳ್ಳೆಯದನ್ನೂ ಎಸೆಯಬೇಕಾಗುತ್ತದೆ.