ನಲವತ್ತರೊಳಗೇ ಮುಟ್ಟು ನಿಂತರೆ ಮಾಡಬೇಕಾದುದು

ರಾಯಚೂರಿನ ಬೇಸಿಗೆಯಲ್ಲಿ ಬೆವರುವುದು ಹೊಸದಲ್ಲ. ಆದರೆ ಹತ್ತಿ ಬಿಡಿಸುವ ಚಳಿಗಾಲದ ಮುಂಜಾನೆಯಲ್ಲೂ ಎದೆಯಿಂದ ಮುಖಕ್ಕೆ ಒಮ್ಮೆಲೇ ಬಿಸಿಯೇರಿ, ರವಿಕೆಯ ಬೆನ್ನು ತೊಯ್ದು, ಮರುಕ್ಷಣವೇ ಮೈ ನಡುಗಿದರೆ ಅದನ್ನು ಬಿಸಿಲಿನ ಕಾವೆಂದು ತಳ್ಳಿಹಾಕಬೇಡಿ; ಮುಟ್ಟು ನಿಲ್ಲುತ್ತಿರುವ ಸೂಚನೆಯೂ ಆಗಿರಬಹುದು.

40 ವರ್ಷದೊಳಗೆ ಮೂರು ನಾಲ್ಕು ತಿಂಗಳು ಮುಟ್ಟು ತಪ್ಪಿದರೆ, ಕೊನೆಯ ಮುಟ್ಟಿನ ದಿನಾಂಕಗಳನ್ನು ಬರೆದುಕೊಂಡು ರಿಮ್ಸ್‌ನಂತಹ ಆಸ್ಪತ್ರೆಯ ಸ್ತ್ರೀರೋಗ ತಜ್ಞರನ್ನು ಕಾಣಿರಿ. ಗರ್ಭ, ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ಪರೀಕ್ಷೆಗಳೊಂದಿಗೆ, ಅಂಡಾಶಯಗಳನ್ನು ಪ್ರಚೋದಿಸುವ ಹಾರ್ಮೋನಾದ ಎಫ್‌ಎಸ್‌ಎಚ್ ರಕ್ತಪರೀಕ್ಷೆಯನ್ನೂ ಕೇಳಿರಿ. ಅದು ಹೆಚ್ಚಾಗಿದ್ದರೆ ಅಂಡಾಶಯಗಳು ಸೋಲುತ್ತಿರುವ ಸೂಚನೆ. ಆಗಲೂ ಅವು ನಡುನಡುವೆ ಕೆಲಸ ಮಾಡಬಹುದಾದ್ದರಿಂದ ಗರ್ಭ ನಿಲ್ಲುವ ಸಾಧ್ಯತೆ ಪೂರ್ತಿ ಇಲ್ಲವಾಗುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ನಮ್ಮ ಕಡೆ ಬಿಳಿಸೆರಗಿಗೂ ಸೊಂಟನೋವಿಗೂ, ‘ಮಕ್ಕಳಾದವಲ್ಲ, ಗರ್ಭಚೀಲ ತೆಗೆಸಿಬಿಡು’ ಎನ್ನುವವರಿದ್ದಾರೆ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ‘ಅಂಡಾಶಯಗಳನ್ನೂ ತೆಗೆಯುತ್ತೀರಾ, ಏಕೆ, ಔಷಧಿಯಿಂದ ಗುಣವಾಗದೇ?’ ಎಂದು ಕೇಳಿರಿ. ಎರಡೂ ಅಂಡಾಶಯಗಳನ್ನು ತೆಗೆದರೆ ಮುಟ್ಟುನಿಲ್ಲುವಿಕೆ ಅಂದೇ ಶುರುವಾಗುತ್ತದೆ.

ಅಂಡಾಶಯಗಳು ಸ್ರವಿಸುವ ಈಸ್ಟ್ರೊಜೆನ್ ಹಾರ್ಮೋನು ಬೇಗನೆ ಕುಗ್ಗಿದರೆ ಮೂಳೆ ಸವೆಯುತ್ತದೆ, ಹೃದ್ರೋಗದ ಅಪಾಯವೂ ಹೆಚ್ಚುತ್ತದೆ. ಆದ್ದರಿಂದ ಸ್ತನ ಕ್ಯಾನ್ಸರಿನಂತಹ ಅಡ್ಡಿಗಳಿಲ್ಲದಿದ್ದರೆ ಸುಮಾರು 50ನೇ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆ ಪಡೆಯುವ ಬಗ್ಗೆ ವೈದ್ಯರೊಡನೆ ಮಾತನಾಡಿರಿ. ಊಟದಲ್ಲಿ ರಾಗಿ, ಮೊಸರು, ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಇರಲಿ.