ಫುಲ್‌ಬ್ಯಾಕ್ ಹುಡುಗ ಮುಂದೆ ಹೋದಾಗ ಏನು ನೋಡಬೇಕು

ನಮ್ಮ ಕಾಸರಗೋಡಿನಲ್ಲಿ ಫುಟ್‌ಬಾಲ್ ಆಡುವ ಮಕ್ಕಳಿಗೆಲ್ಲ ಸ್ಟ್ರೈಕರ್ ಆಗಬೇಕು. ತ್ರಿಕರಿಪುರದ ಮೊಹಮ್ಮದ್ ರಾಫಿ 2016ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್ ಪರವಾಗಿ ತಲೆಯಲ್ಲಿ ಹೊಡೆದ ಗೋಲು ಇಲ್ಲಿ ಈಗಲೂ ಮಾತಿಗೆ ಬರುತ್ತದೆ. ಭಾರತ ತಂಡದ ಡಿಫೆಂಡರ್ ಆಗಿದ್ದ ಎಂ. ಸುರೇಶ್ ಕೂಡ ಆ ಕಡೆಯವರೇ ಎಂದರೆ ಹುಡುಗರು "ಹೌದಾ?" ಅನ್ನುತ್ತಾರೆ. ಫುಲ್‌ಬ್ಯಾಕ್, ಅಂದರೆ ಹಿಂದಿನ ಸಾಲಿನ ಬದಿಯಲ್ಲಿ ಆಡುವವನ ಜಾಗಕ್ಕೆ ಬರುವವನು ಯಾರೆಂದರೆ, ಎಲ್ಲರೂ ತಮಗೆ ಬೇಕಾದ ಜಾಗ ಹಿಡಿದ ಮೇಲೆ ಉಳಿದವನು.

ಬದಿಯಡ್ಕದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಭಾನುವಾರ ಕ್ಲಬ್ಬಿನ ಹುಡುಗರ ತಂಡ ಆರಿಸುವ ಕೆಲಸವೂ ನನ್ನ ತಲೆಗೇ ಬಂದಿದೆ. ಅಪ್ಪಂದಿರು, ಮಾವಂದಿರು ಅಂಗಡಿಗೆ ಬಂದು "ನಮ್ಮವ ಬ್ಯಾಕ್ ಆದ್ರೂ ಮೇಲೆ ಹೋಗಿ ಚೆಂದ ಆಡ್ತಾನೆ, ಅಲ್ವಾ?" ಎಂದು ಕೇಳುತ್ತಾರೆ. ಅವರಿಗೂ, ಹೊಸದಾಗಿ ಕೋಚಿಂಗಿಗೆ ಇಳಿದವರಿಗೂ ಇದನ್ನು ಬರೆಯುತ್ತಿದ್ದೇನೆ.

ನೋಡುವ ಜಾಗ ಸರಿ ಇರಬೇಕು. ಗೋಲಿನ ಹಿಂದೆ ನಿಂತರೆ ಏನೂ ತಿಳಿಯುವುದಿಲ್ಲ. ಹುಡುಗ ಆಡುವ ಬದಿಯ ಟಚ್‌ಲೈನಿಗೆ ಅಂಟಿ ನಿಂತರೆ ಅವನ ಓಟ ಇದ್ದದ್ದಕ್ಕಿಂತ ಜೋರಾಗಿ ಕಾಣುತ್ತದೆ. ಎದುರಿನ ಬದಿಯಲ್ಲಿ, ಆದಷ್ಟು ಎತ್ತರದಲ್ಲಿ ನಿಲ್ಲಿ. ನಮ್ಮ ಮೈದಾನಗಳಿಗೆ ಹೆಚ್ಚಾಗಿ ಒಂದು ಬದಿಯಲ್ಲಿ ಗುಡ್ಡ ಕಡಿದ ದರೆ ಇರುತ್ತದೆ, ಅದೇ ಗ್ಯಾಲರಿ. ಕಾಲು ಗಂಟೆ ಚೆಂಡನ್ನು ಬಿಟ್ಟುಬಿಡಿ, ಅವನೊಬ್ಬನನ್ನೇ ನೋಡಿ. ಇದು ಕಷ್ಟ. ಸುತ್ತಲಿನವರು ಮಲಯಾಳ, ತುಳು, ಬ್ಯಾರಿ, ಕನ್ನಡ ಎಲ್ಲದರಲ್ಲೂ ಬೊಬ್ಬೆ ಹಾಕುವಾಗ ಕಣ್ಣು ತಾನಾಗಿ ಚೆಂಡಿನ ಹಿಂದೆ ಹೋಗುತ್ತದೆ.

ಎಲ್ಲರೂ ಮೆಚ್ಚುವುದು ವೇಗ, ಮತ್ತೆ ಬದಿಯಿಂದ ಗೋಲಿನ ಮುಂದಕ್ಕೆ ಎಷ್ಟು ಕ್ರಾಸ್ ಹಾಕಿದ ಎಂಬ ಲೆಕ್ಕ. ನಾನು ಎರಡಕ್ಕೂ ಜಾಸ್ತಿ ಬೆಲೆ ಕೊಡುವುದಿಲ್ಲ. ಗೋಲಿನ ಮುಂದಿನ ಬಾಕ್ಸಿನಲ್ಲಿ ನಮ್ಮವರು ಯಾರೂ ಇಲ್ಲದಾಗ ಕಣ್ಣು ಮುಚ್ಚಿ ಹತ್ತು ಕ್ರಾಸ್ ಹಾಕುವುದು ಚೆಂಡನ್ನು ಎದುರಾಳಿಗೆ ಹತ್ತು ಸಲ ಕೊಟ್ಟ ಹಾಗೆಯೇ. ಅಸಿಸ್ಟ್, ಅಂದರೆ ಗೋಲಿಗೆ ಕೊಟ್ಟ ಕೊನೆಯ ಪಾಸಿನ ಲೆಕ್ಕವೂ ಪೂರ್ತಿ ಅವನದಲ್ಲ. 2018-19ರ ಪ್ರೀಮಿಯರ್ ಲೀಗಿನಲ್ಲಿ ಲಿವರ್‌ಪೂಲಿನ ಅಲೆಕ್ಸಾಂಡರ್-ಆರ್ನಾಲ್ಡ್ 12, ರಾಬರ್ಟ್‌ಸನ್ 11 ಅಸಿಸ್ಟ್ ಕೊಟ್ಟರು. ಇಬ್ಬರೂ ಫುಲ್‌ಬ್ಯಾಕ್‌ಗಳು, ಇಬ್ಬರೂ ಅದ್ಭುತ. ಆದರೆ ಮುಂದೆ ಸಲಾ, ಮಾನೆ, ಫಿರ್ಮಿನೊ ಇದ್ದರು. ನಿಮ್ಮ ಹುಡುಗ ಬಂಗಾರದಂಥ ಚೆಂಡು ಕೊಟ್ಟರೂ ಸ್ಟ್ರೈಕರ್ ಅದನ್ನು ತೋಟಕ್ಕೆ ಹೊಡೆದರೆ ಅಸಿಸ್ಟ್ ಸೊನ್ನೆ. ಹಾಗಾಗಿ ಕೊಟ್ಟ ಚೆಂಡನ್ನು ನೋಡಿ, ಆಮೇಲೆ ಏನಾಯಿತು ಎಂಬುದನ್ನಲ್ಲ.

ನನಗೆ ಮುಖ್ಯ ಎಂದರೆ ಚೆಂಡು ಬರುವ ಮೊದಲಿನ ಎರಡು ಮೂರು ಸೆಕೆಂಡು. ಹೋದ ಮಳೆಗಾಲ ಮುಗಿದ ಮೇಲೆ ನಡೆದ ಒಂದು ಮ್ಯಾಚಿನಲ್ಲಿ ಎರಡನೇ ನಂಬರಿನ ಹುಡುಗನನ್ನು, ಬಲಬದಿಯ ಬ್ಯಾಕನ್ನು, ನೋಡುತ್ತಿದ್ದೆ. ಸಣಕಲ, ಹೇಳಿಕೊಳ್ಳುವಂಥ ಓಟಗಾರನೂ ಅಲ್ಲ. ಸ್ಟಾಪರ್ (ನಡುವಿನ ಡಿಫೆಂಡರ್) ಕಾಲಲ್ಲಿ ಚೆಂಡು ಇರುವಾಗಲೇ ಅವನು ಕತ್ತು ತಿರುಗಿಸಿ ಹಿಂದೆ ನೋಡಿದ, ಮತ್ತೊಮ್ಮೆ ನೋಡಿದ. ಚೆಂಡು ಬಂತು. ಅವನು ಅದನ್ನು ಹತ್ತಿರದ ಎಡಗಾಲಲ್ಲಿ ತಡೆಯದೆ, ಮೈ ಮುಂದಿನಿಂದ ಹಾದುಹೋಗಲು ಬಿಟ್ಟು ಬಲಗಾಲಲ್ಲಿ ತೆಗೆದುಕೊಂಡ. ಅಷ್ಟಕ್ಕೇ ಅವನ ಮುಖ ಎದುರಾಳಿ ಗೋಲಿನ ಕಡೆ ಆಗಿತ್ತು, ಒತ್ತಲು ಬಂದವನು ಹಿಂದೆ ಉಳಿದ. ವಿಂಗರಿಗೆ, ಅಂದರೆ ಅದೇ ಬದಿಯಲ್ಲಿ ಮುಂದೆ ಆಡುವವನಿಗೆ, ಪಾಸ್ ಕೊಟ್ಟ. ವಿಂಗರ್ ಲೈನಿಗೆ ಅಂಟಿ ನಿಂತಿದ್ದ, ಅವನ ಹೊರಗಿನಿಂದ ಓಡಲು ಜಾಗವೇ ಇರಲಿಲ್ಲ. ಹುಡುಗ ಒಳಗಿನಿಂದ ಓಡಿದ. ಚೆಂಡು ಅವನಿಗೆ ವಾಪಸ್ ಬರಲೂ ಇಲ್ಲ. ಆದರೆ ಎದುರಾಳಿ ಹಾಫ್ (ನಡುಮೈದಾನದವನು) ಅವನ ಬೆನ್ನು ಹಿಡಿದು ಓಡಿದ್ದರಿಂದ ವಿಂಗರಿಗೆ ಒಳಗೆ ಬರಲು ದಾರಿ ತೆರೆಯಿತು. ಚಪ್ಪಾಳೆ ಎಲ್ಲ ವಿಂಗರಿಗೆ ಬಿತ್ತು. ನಾನು ಬರೆದುಕೊಂಡದ್ದು ಎರಡನೇ ನಂಬರನ್ನು.

ಓಟದ ಸಮಯವನ್ನೂ ಗಮನಿಸಿ. ವಿಂಗರ್ ತಲೆ ತಗ್ಗಿಸಿ ಇಬ್ಬರ ನಡುವೆ ಸಿಕ್ಕಿಬಿದ್ದಿರುವಾಗ ಓವರ್‌ಲ್ಯಾಪ್ (ಅವನ ಹೊರಗಿನಿಂದ ದಾಟಿ) ಓಡಿದರೆ ಚೆಂಡು ಸಿಗುವುದಿಲ್ಲ, ಹಿಂದೆ ಜಾಗ ಖಾಲಿ ಬೇರೆ. ವಿಂಗರ್ ತಲೆ ಎತ್ತಿದ ಕ್ಷಣಕ್ಕೆ ಓಡುವವನಿಗೆ ಆಟ ಗೊತ್ತು ಅಂತ ಅರ್ಥ.

ಕೊನೆಯ ಚೆಂಡಿಗೆ ನನ್ನ ಮಾದರಿ 2020ರ ಆಗಸ್ಟ್‌ನಲ್ಲಿ ಬಾಯರ್ನ್ ತಂಡ ಬಾರ್ಸಿಲೋನಾವನ್ನು 8-2ರಲ್ಲಿ ಸೋಲಿಸಿದ ಮ್ಯಾಚ್. ಬಾಯರ್ನಿನ ಎಡಬ್ಯಾಕ್ ಅಲ್ಫೋನ್ಸೊ ಡೇವಿಸ್ ಎಡಬದಿಯಲ್ಲಿ ಬಾರ್ಸಿಲೋನಾದ ಸೆಮೆಡೋನನ್ನು ದಾಟಿ, ಗೋಲ್ ಲೈನಿನ ಹತ್ತಿರವೇ ಒಳಗೆ ನುಗ್ಗಿದ. ಎಲ್ಲರ ಓಟಕ್ಕೂ ಮರುಳಾಗುವ ನಮ್ಮವರು ಆ ಓಟವನ್ನೇ ಹೇಳುತ್ತಾರೆ. ನಾನು ಹೇಳುವುದು ಓಟದ ತುದಿಯನ್ನು: ಅವನು ಜೋರಾಗಿ ಬಾರಿಸಲಿಲ್ಲ, ತಲೆ ಎತ್ತಿ ನೆಲದ ಮೇಲೆಯೇ ಹಿಂದಕ್ಕೆ ತಳ್ಳಿದ. ಗೋಲು ಹೊಡೆದವನು ಕಿಮ್ಮಿಖ್, ಅವತ್ತು ಬಲಬದಿಯ ಫುಲ್‌ಬ್ಯಾಕ್! ನಮ್ಮ ಹುಡುಗರಲ್ಲಿ ಆ ಕಟ್‌ಬ್ಯಾಕ್ ತೀರಾ ಅಪರೂಪ. ಲೈನಿನವರೆಗೆ ಹೋದವನು ಕಣ್ಣು ಮುಚ್ಚಿ ಎತ್ತರಕ್ಕೆ ಬಾರಿಸುತ್ತಾನೆ. ಹೊಡೆಯುವ ಮೊದಲು ತಲೆ ಎತ್ತಿದನಾ? ಅದೊಂದನ್ನು ನೋಡಿ ಸಾಕು.

ಇನ್ನೊಂದು ಎಚ್ಚರ. ಸೆವೆನ್ಸ್ ನೋಡಿ ಫುಲ್‌ಬ್ಯಾಕನ್ನು ಅಳೆಯಬೇಡಿ. ನನಗೂ ಸೆವೆನ್ಸ್ ಪ್ರಾಣ. ಆದರೆ ಸಣ್ಣ ಮೈದಾನ, ಏಳೇ ಜನ, ಎಲ್ಲಿ ಸಿಕ್ಕಿದರೂ "ಅಡಿಕ್ಕೆಡಾ" (ಹೊಡಿಯೋ) ಎಂಬ ಕೂಗು. 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನದಲ್ಲಿ ಮೇಲೆ ಹೋದವನು ಚೆಂಡು ತಪ್ಪಿದರೆ ಐವತ್ತು ಮೀಟರ್ ವಾಪಸ್ ಓಡಬೇಕು. ಎಪ್ಪತ್ತನೇ ನಿಮಿಷದಲ್ಲೂ ಹಾಗೆ ಓಡುತ್ತಾನಾ? ಇನ್ನೊಂದು ಬದಿಯ ಬ್ಯಾಕ್ ಮೇಲೆ ಹೋದಾಗ ತಾನು ಒಳಗೆ ಸರಿದು ಸ್ಟಾಪರ್‌ಗಳ ಹತ್ತಿರ ನಿಲ್ಲುತ್ತಾನಾ? ಅದೂ ದಾಳಿಯ ಭಾಗವೇ. ಹಿಂದೆ ಧೈರ್ಯ ಇದ್ದರೆ ತಾನೇ ಮುಂದಿನವರು ಆಡುವುದು. ಹುಡುಗ ಒಂದು ಸಲವೂ ಹಾಫ್ ಲೈನ್ ದಾಟದಿದ್ದರೆ ಸುಮ್ನೆ ಬೈಯಬೇಡಿ, ಕೋಚ್ ಏನು ಹೇಳಿ ಕಳಿಸಿದ್ದರು ಎಂದು ಕೇಳಿ. "ನೀ ಅಲ್ಲೇ ನಿಲ್ಲು" ಅಂದಿದ್ದರೆ ಅವನೇನು ಮಾಡಬೇಕು?

ಇನ್ನು ಮುಂದೆ ಬೆಳೆಯುತ್ತಾನಾ ಎಂಬ ಪ್ರಶ್ನೆ. ಹದಿನೈದರಲ್ಲಿ ಮೀಸೆ ಬಂದವನು ಎಲ್ಲರನ್ನೂ ತಳ್ಳಿಕೊಂಡು ಹೋಗುತ್ತಾನೆ. ಎರಡು ವರ್ಷದಲ್ಲಿ ಉಳಿದವರೂ ಬೆಳೆಯುತ್ತಾರೆ, ಆಗ ಆ ಬಲ ಸಾಲುವುದಿಲ್ಲ. ಅದಕ್ಕೇ ಹುಟ್ಟಿದ ತಿಂಗಳನ್ನೂ ಕೇಳುತ್ತೇನೆ. ಜನವರಿಯವನೂ ಡಿಸೆಂಬರಿನವನೂ ಒಂದೇ ವಯಸ್ಸಿನ ಗುಂಪಿನಲ್ಲಿ ಆಡುತ್ತಾರಲ್ಲ. ಕ್ರಾಸ್ ಹೊಡೆಯುವ ರೀತಿ, ಪಳಗದ ಇನ್ನೊಂದು ಕಾಲು, ಇವು ದಿನಾ ಗೋಡೆಗೆ ಹೊಡೆದು ಅಭ್ಯಾಸ ಮಾಡಿದರೆ ಸುಧಾರಿಸುತ್ತವೆ. ಯಾವಾಗ ಹೋಗಬೇಕು, ಯಾವಾಗ ಬೇಡ ಎಂಬ ತಿಳಿವು ನಿಧಾನ, ಮ್ಯಾಚ್ ಆಡಿಯೇ ಬರಬೇಕು. ಕಾಲಿನ ವೇಗವನ್ನು ಯಾವ ಕೋಚೂ ದುಪ್ಪಟ್ಟು ಮಾಡಲಾರ.

ನಾನು ಮಾಡುವ ಪರೀಕ್ಷೆ ಸಣ್ಣದು. ಮ್ಯಾಚ್ ಮುಗಿದ ಮೇಲೆ ಹುಡುಗನಿಗೆ ಒಂದೇ ಒಂದು ಮಾತು ಹೇಳುತ್ತೇನೆ, "ಮುಂದಿನ ಸಲ ಹೊಡೆಯುವ ಮೊದಲು ಒಮ್ಮೆ ನೋಡು" ಅಂತ. ಮುಂದಿನ ಮ್ಯಾಚಿನಲ್ಲಿ ನೋಡಲು ಹೋಗಿ ಚೆಂಡು ಕಳೆದುಕೊಂಡರೂ ನನಗೆ ಖುಷಿ. ಕೇಳಿದ್ದನ್ನು ಕಾಲಿಗೆ ಇಳಿಸಲು ನೋಡುತ್ತಿದ್ದಾನಲ್ಲ. ಎರಡು ಕ್ರಾಸ್ ಹಾಳಾದ ಮೇಲೆ ಮೂರನೆಯದಕ್ಕೆ ಕೈ ಎತ್ತಿ ಚೆಂಡು ಕೇಳುವವನೂ ನನಗೆ ಬೇಕು.

ಬ್ಯಾಕಿನಲ್ಲಿ ಹಾಕಿದರೆ ಮುಖ ಊದಿಸುವ ಹುಡುಗರಿಗೂ, ಅವರ ಅಪ್ಪಂದಿರಿಗೂ ಒಂದು ಮಾತು. ಡೇವಿಸ್ ಮೊದಲು ವಿಂಗರ್, ಆಮೇಲೆ ಎಡಬ್ಯಾಕ್; ಜೋರ್ಡಿ ಆಲ್ಬಾ ಕೂಡ. ಗ್ಯಾರೆತ್ ಬೇಲ್ ಎಡಬ್ಯಾಕಿನಿಂದ ಮುಂದೆ ಹೋದವನು. ಜಾಗ ಬದಲಾಗುತ್ತಾ ಇರುತ್ತದೆ.

ವಿಡಿಯೊ ಕಳಿಸುವವರು ದಯವಿಟ್ಟು ಫೋನ್ ಅಡ್ಡ ಹಿಡಿಯಿರಿ, ದರೆಯ ಮೇಲಿಂದ ತೆಗೆಯಿರಿ, ಝೂಮ್ ಮಾಡಬೇಡಿ. ಹುಡುಗನ ಜೊತೆ ಅವನ ಸ್ಟಾಪರ್, ವಿಂಗರ್, ಎದುರಾಳಿ ಮೂವರೂ ಕಾಣಬೇಕು. ಹಾಡು ಸೇರಿಸಿ ಕತ್ತರಿಸಿದ ಮೂವತ್ತು ಸೆಕೆಂಡಿನ ಸ್ಟೇಟಸ್ ಬೇಡ. ಅರ್ಧ ಆಟ ಪೂರ್ತಿ ಕಳಿಸಿ, ಅಂಗಡಿಯಲ್ಲಿ ಕರೆಂಟ್ ಹೋದಾಗ ಕೂತು ನೋಡುತ್ತೇನೆ.