ಬಾಟಲಿ ದೀಪ ಇಟ್ಟುಕೊಂಡು ಬೆಳಕಿನ ಪಾಠ

ಗದಗ ಕಡೆ ಹಳೇ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ನೋಡಿರ್ತೀರಿ. ಬಿಸಿಲು ಅದರೊಳಗಿಂದ ನೇರ ನೆಲಕ್ಕೆ ಬೀಳುತ್ತೆ, ಅಲ್ಲಿ ಕಣ್ಣು ಕುಕ್ಕುವಷ್ಟು ಬೆಳಕು, ಆದ್ರೆ ಮೂಲೆಯಲ್ಲಿ ಕಾಳಿನ ಚೀಲ ಹುಡುಕಬೇಕಂದ್ರೆ ಬ್ಯಾಟರಿನೇ ಬೇಕು. ಹೈಸ್ಕೂಲ್ ಮಕ್ಕಳಿಗೆ ವಕ್ರೀಭವನ, ಅಂದ್ರೆ ಬೆಳಕು ಬಾಗೋದನ್ನು, ಹೇಳಿಕೊಡುವಾಗ ನಾನು ಹಿಡಿದುಕೊಳ್ಳುವುದು ಈ ಮೂಲೆಯನ್ನೇ.

ಕಿರಾಣಿ ಅಂಗಡಿಯಿಂದ ದೊಡ್ಡ ರಟ್ಟಿನ ಡಬ್ಬಿ ತಂದು, ಸಂದಿಗೆಲ್ಲ ಟೇಪ್ ಹಚ್ಚುತ್ತೇನೆ. ಒಳಗೋಡೆಗೆ ಹಳೇ ಕ್ಯಾಲೆಂಡರ್ ಹಾಳೆ ಅಂಟಿಸುತ್ತೇನೆ. ಪಕ್ಕದಲ್ಲಿ ಕಣ್ಣಿಟ್ಟು ನೋಡಲು ಸಣ್ಣ ತೂತು, ಮೇಲೆ ಒಂದು ಲೀಟರ್ ಬಾಟಲಿ ಬಿಗಿಯಾಗಿ ಕೂರುವಷ್ಟು ತೂತು. ಆಮೇಲೆ ಅಂಗಳದ ಬಿಸಿಲಿಗೆ.

ಇಲ್ಲಿ ಒಂದೇ ಒಂದು ಹಟ ನನ್ನದು: ನೀರಿನ ಬಾಟಲಿ ಕೊನೆಗೆ ಬರಬೇಕು. ಮೊದಲು ಬರೀ ತೂತು ಬಿಟ್ಟು ನೋಡಿಸುತ್ತೇನೆ. ತಳದಲ್ಲಿ ಬಿಸಿಲಿನ ಬಿಲ್ಲೆ ಕಾಣುತ್ತೆ, ತಾರೀಖು ಓದೋಕಾಗಲ್ಲ. ಆಮೇಲೆ ಖಾಲಿ ಬಾಟಲಿ, ಮುಕ್ಕಾಲು ಭಾಗ ಒಳಗೆ ಇಳಿಬಿಟ್ಟು. ಅಂಥ ಬದಲಾವಣೆ ಏನಿಲ್ಲ. ಪ್ಲಾಸ್ಟಿಕ್ಕೇ ಹೊಳೆಯುತ್ತೆ ಅಂತ ವಾದ ಮಾಡಿದವರು ಇಲ್ಲಿ ಸುಮ್ನಾಗ್ತಾರೆ. ಅದೇ ಬಾಟಲಿಗೆ ಕಂಠದವರೆಗೆ ನೀರು ತುಂಬಿ ಇಳಿಸಿದರೆ ಬಾಟಲಿಗೆ ಬಾಟಲಿಯೇ ಬಲ್ಬಿನ ಹಾಗೆ ಹೊಳೆದು, ಮೂಲೆಯಲ್ಲಿರುವ ಕೆಂಪಕ್ಷರದ ರಜೆಗಳೂ ಕಾಣುತ್ತವೆ. ತೂತಿಗೆ ಕಣ್ಣಿಡೋಕೆ ನೂಕಾಟ ಶುರುವಾಗುವುದು ಆಗಲೇ.

ಕಾರಣ ಹೇಳಲು ಇದೇ ಹೊತ್ತು. ಗಾಳಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ., ನೀರಿನಲ್ಲಿ ಸುಮಾರು 2.25 ಲಕ್ಷ. ವೇಗ ಕಡಿಮೆಯಾಗುವ ಜಾಗಕ್ಕೆ ಓರೆಯಾಗಿ ಹೊಕ್ಕರೆ ದಾರಿ ಬಾಗುತ್ತದೆ. ಹೊರಗೆ ಚಾಚಿದ ತುದಿಗೆ ಬಿದ್ದ ಬಿಸಿಲು ಹೀಗೆ ಬಾಗಿ ನೀರಿಗೆ ಇಳಿಯುತ್ತದೆ. ಬಾಟಲಿಯ ಗೋಡೆಗೆ ತಾಗಿದಾಗ ಅದರ ಓರೆ ಸುಮಾರು 49 ಡಿಗ್ರಿಗಿಂತ ಜಾಸ್ತಿ ಇದ್ದರೆ ಹೊರಗೆ ಹೋಗದೆ ನೀರಿಗೇ ವಾಪಸ್ ಬರುತ್ತದೆ, ಹಾಗೇ ಕೆಳಗೆ ಸಾಗಿ ಬುಡದ ಉಬ್ಬುತಗ್ಗುಗಳಲ್ಲಿ ನಾಕೂ ದಿಕ್ಕಿಗೆ ಚೆಲ್ಲುತ್ತದೆ. 49 ಡಿಗ್ರಿ ಯಾವ ಗೆರೆಯಿಂದ ಅಳೆಯಬೇಕು ಅಂತ ಬೋರ್ಡಿನ ಮೇಲೆ ಚಿತ್ರ ಬರೆದೇ ತೋರಿಸಿ. ಗೋಡೆಯಿಂದಲ್ಲ, ಗೋಡೆಗೆ ಲಂಬವಾಗಿ ಎಳೆದ ಗೆರೆಯಿಂದ. ಬಹಳ ಮಕ್ಕಳು ಎಡವೋದು ಇಲ್ಲೇ.

ಒಬ್ಬಳು ಕೇಳಿದಳು, "ಸರ್, ನೀರು ಹಾಕಿದ್ರ ಬೆಳಕು ಜಾಸ್ತಿ ಆಕ್ಕೈತೇನ್ರಿ?" ಚಲೋ ಪ್ರಶ್ನೆ. ನೀರು ಬೆಳಕು ಹುಟ್ಟಿಸಲ್ಲ, ಒಂದೇ ಕಡೆ ಬೀಳುತ್ತಿದ್ದುದನ್ನು ಹಂಚುತ್ತೆ ಅಷ್ಟೇ. ರಾತ್ರಿ ಇದರಿಂದ ಏನೂ ಉಪಯೋಗವಿಲ್ಲ.

ಮನೆಯ ಮಾಡಿಗೇ ಹೀಗೆ ಬಾಟಲಿ ಕೂರಿಸಿ ದೀಪ ಮಾಡುವ ಉಪಾಯ ಹೊಳೆದದ್ದು ಬ್ರೆಜಿಲ್‌ನ ಆಲ್ಫ್ರೆಡೊ ಮೋಸರ್ ಎಂಬ ಮೆಕ್ಯಾನಿಕ್‌ಗೆ, 2002ರ ಸುಮಾರಿಗೆ, ಅಲ್ಲಿ ಕರೆಂಟ್ ಪದೇ ಪದೇ ಕೈಕೊಡುತ್ತಿದ್ದಾಗ. ಎರಡು ಲೀಟರ್ ಬಾಟಲಿ, ನೀರು, ಪಾಚಿ ಕಟ್ಟದಿರಲು ಎರಡು ಮುಚ್ಚಳ ಬ್ಲೀಚ್. ಒಳ್ಳೇ ಬಿಸಿಲಿಗೆ 40ರಿಂದ 60 ವ್ಯಾಟ್ ಬಲ್ಬಿನಷ್ಟು ಬೆಳಕು. ಮೆಕ್ಯಾನಿಕ್ ಅಂದ ಕೂಡಲೇ ಹಿಂದಿನ ಬೆಂಚಿನವರೂ ಕಿವಿ ಕೊಡ್ತಾರೆ, ನೋಡಿ. ಡಬ್ಬಿಯ ಪ್ರಯೋಗಕ್ಕೆ ಬ್ಲೀಚ್ ಬೇಡ. ದನದ ಕೊಟ್ಟಿಗೆಯ ತಗಡಿಗೆ ಹಾಕುವುದಾದರೆ ಬ್ಲೀಚ್ ದೊಡ್ಡವರೇ ಹಾಕಲಿ, ಸುತ್ತ ಸೀಲೆಂಟ್ ಸರಿಯಾಗಿ ಹಚ್ಚಿ, ಇಲ್ಲಾಂದ್ರೆ ಮಳೆಗಾಲದಲ್ಲಿ ಬೆಳಕಿನ ಜೊತೆ ನೀರೂ ಇಳಿಯುತ್ತೆ.

ಇನ್ನೊಂದು ಮಾತು. ಪಾಠ ಮುಗಿದ ಮೇಲೆ ನೀರು ತುಂಬಿದ ಬಾಟಲಿಯನ್ನು ಬಿಸಿಲಲ್ಲಿ ಕಾಗದದ ಹತ್ತಿರ ಬಿಡಬೇಡಿ. ಅದು ಮಸೂರದ ಥರ ಬಿಸಿಲನ್ನು ಒಂದೇ ಕಡೆ ಕೂಡಿಸಿ ಸುಟ್ಟುಬಿಡಬಹುದು. ಮಸೂರದ ಪಾಠಕ್ಕೆ ನಾನು ಅದೇ ಬಾಟಲಿ ಮತ್ತೆ ತೆಗೀತೀನಿ, ಈ ಸಲ ಅಡ್ಡ ಮಲಗಿಸಿ, ಪಕ್ಕದಲ್ಲೇ ನಿಂತು.